ಗ್ಯಾಪಿನಲ್ಲಿ ಸುಟ್ಟುಹೋದದ್ದು

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾನು ಎಂಟು ವರ್ಷ ದ್ವೇಷಿಸಿದೆ. ಅವರೂ ನನ್ನನ್ನು ಅಷ್ಟೇ ಶ್ರದ್ಧೆಯಿಂದ ದ್ವೇಷಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಮಾತುಗಳಲ್ಲಿ ಅವರಿಗೆ ನ್ಯಾಯ ಸಿಗುತ್ತದೆಂದು ಭರವಸೆ ಕೊಡಲಾರೆ.

ತೊಂಬತ್ತರ ದಶಕದ ನಡುವೆ ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ನಾನು ಸಹಾಯಕಿಯಾಗಿ ಸೇರಿದೆ. ಅಪ್ಪ ವಿಜಾಪುರದ ಕಡೆಯಿಂದ ಬಂದು ಇಲ್ಲಿನ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದರು. ನಾನು ಹುಟ್ಟಿ ಬೆಳೆದದ್ದು ಚಿಂಚವಡದಲ್ಲಿ. ಮನೆಯೊಳಗೆ ವಿಜಾಪುರದ ಕನ್ನಡ, ಹೊರಗೆ ಮರಾಠಿ. ನಾನು ಸೇರಿದ ಮರುವರ್ಷ ಬೆಂಗಳೂರಿನಿಂದ ಹೊಸ ಮುಖ್ಯಸ್ಥರು ಬಂದರು. ಅವರೂ ಕನ್ನಡದವರೆಂದು ತಿಳಿದದ್ದೇ ಕಾಲೇಜಿನವರಿಗೆಲ್ಲ ನಾವಿಬ್ಬರೂ ಒಂದೇ ಮನೆಯವರ ಹಾಗೆ ಕಂಡೆವು. ಪ್ಯೂನ್‌ನಿಂದ ಪ್ರಿನ್ಸಿಪಾಲರವರೆಗೆ ಎಲ್ಲರೂ ನನ್ನೆದುರು ಅವರನ್ನು "ತುಮಚೇ ಸರ್" ಎನ್ನತೊಡಗಿದರು, ನಿಮ್ಮ ಸರ್ ಅಂತ. ನಿಮ್ಮ ಸರ್ ಬಂದರು, ನಿಮ್ಮ ಸರ್ ಕರೀತಿದಾರೆ, ನಿಮ್ಮ ಸರ್ ಯಾಕೆ ಸಿಟ್ಟಾಗಿದಾರೆ.

ಮೊದಲ ದಿನ ನಾನು ಸಂತೋಷದಿಂದಲೇ ಮಾತಾಡಿಸಿದ್ದೆ. "ಸರ್, ನಾವೂ ಕನ್ನಡದವರs ಅದೀವ್ರಿ. ಏನರ ಬೇಕಾದ್ರ ಹೇಳ್ರಿ," ಅಂದೆ.

ಅವರು ತಲೆ ಓರೆ ಮಾಡಿ ನೋಡಿದರು. ಬಾಯಿಯ ಒಂದು ಬದಿಯಲ್ಲಿ ಮಾತ್ರ ನಗು ಇತ್ತು.

"ಇದು ಕನ್ನಡಾನಾ? ನಾನು ಮರಾಠಿ ಅಂದ್ಕೊಂಡೆ."

ಅಷ್ಟೇ. ತಮಾಷೆಗೆ ಹೇಳಿರಬಹುದು. ನನಗೆ ಇಪ್ಪತ್ತಾರು ವರ್ಷ, ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವ ಗುಣ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಅವಗೇನ್ ಗೊತ್ತು ಮಾತು. ಬಿಡು," ಅಂದಳು. ನಾನು ಬಿಡಲಿಲ್ಲ.

ಅದರ ಮುಂದಿನ ವರ್ಷ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ಮಾಡುವುದೆಂದು ನಿರ್ಧಾರವಾಯಿತು. ಮುಖ್ಯಸ್ಥರು ಟೆಸ್ಲಾ ಕಾಯಿಲ್ ಮಾಡಿಸುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟರು. ನೋಡದವರಿಗಾಗಿ ಹೇಳುತ್ತೇನೆ. ಅದು ಕೃತಕ ಮಿಂಚು ಹುಟ್ಟಿಸುವ ಯಂತ್ರ. ಅಂಗಡಿಯ ನಿಯಾನ್ ಬೋರ್ಡಿಗೆ ಹಾಕುವ ಟ್ರಾನ್ಸ್‌ಫಾರ್ಮರ್ ಒಂದು, ವಿದ್ಯುತ್ತನ್ನು ತುಂಬಿಡಲು ಉಪ್ಪುನೀರಿನ ಗಾಜಿನ ಸೀಸೆಗಳು, ಹತ್ತು ಸುತ್ತಿನ ದಪ್ಪ ತಾಮ್ರದ ಕಾಯಿಲ್ ಕೆಳಗೆ, ಸಾವಿರ ಸುತ್ತಿನ ಸಣ್ಣ ತಂತಿಯ ಉದ್ದ ಕಾಯಿಲ್ ಅದರ ನಡುವೆ ನೆಟ್ಟಗೆ. ತುದಿಯಲ್ಲಿ ಒಂದು ಲೋಹದ ಗುಂಡು. ಸೀಸೆಗಳಲ್ಲಿ ತುಂಬಿದ ವಿದ್ಯುತ್ತನ್ನು ತಾಮ್ರದ ಕಾಯಿಲಿಗೆ ಒಮ್ಮೆಲೇ ಬಿಡಲು ಒಂದು ಸ್ವಿಚ್ ಬೇಕು. ಕೈಯಿಂದ ಹಾಕುವ ಸ್ವಿಚ್ ಅಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಎರಡು ಹಿತ್ತಾಳೆಯ ಬೋಲ್ಟುಗಳನ್ನು ಎದುರುಬದುರು ನಿಲ್ಲಿಸಿ ನಡುವೆ ಕಾಲು ಇಂಚಿನಷ್ಟು ಜಾಗ ಬಿಡುತ್ತಾರೆ. ಒತ್ತಡ ಏರಿದಾಗ ಅಲ್ಲಿನ ಗಾಳಿ ಒಡೆದು ಕಿಡಿ ಹಾರುತ್ತದೆ. ಆ ಕಿಡಿಯೇ ಸ್ವಿಚ್. ಆ ಜಾಗಕ್ಕೆ ನಾವು ಗ್ಯಾಪ್ ಅನ್ನುತ್ತಿದ್ದೆವು.

ಲೆಕ್ಕ, ಅಳತೆ ಎಲ್ಲ ಮುಖ್ಯಸ್ಥರದು. ಸಾವಿರ ಸುತ್ತಿನ ಕಾಯಿಲ್ ಸುತ್ತುವ ಕೆಲಸ ನನಗೆ ಬಂತು. ಒಂದು ಪಿವಿಸಿ ಪೈಪನ್ನು ಎರಡು ಮರದ ಕಂಬಗಳ ನಡುವೆ ಅಡ್ಡ ಕೂರಿಸಿ, ಒಂದು ಕೈಯಿಂದ ಪೈಪು ತಿರುಗಿಸುತ್ತ ಇನ್ನೊಂದು ಕೈಯ ಬೆರಳ ನಡುವೆ ತಂತಿ ಹಿಡಿದು ಸುತ್ತುತ್ತಿದ್ದೆ. ಸುತ್ತಿಗೆ ಸುತ್ತು ಅಂಟಿರಬೇಕು, ಒಂದರ ಮೇಲೊಂದು ಹತ್ತಬಾರದು. ಐವತ್ತಕ್ಕೊಮ್ಮೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಎಂಟು ದಿನ ಹಿಡಿಯಿತು. ಎಡಗೈಯ ತೋರುಬೆರಳಿನಲ್ಲಿ ತಂತಿ ಕೊರೆದು ಗೀರು ಬಿದ್ದಿತ್ತು. ವಾರ್ನಿಶ್ ಹಚ್ಚಿ ಒಣಗಿಸಿದಾಗ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನನ್ನ ಕೈಯಿಂದ ಅಂಥದ್ದೊಂದು ಬಂದಿದೆಯೆಂದು ನನಗೇ ನಂಬಿಕೆಯಾಗಲಿಲ್ಲ.

ಮೊದಲ ಪರೀಕ್ಷೆಗೆ ಮೂರನೇ ವರ್ಷದ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಮುಖ್ಯಸ್ಥರು ಸ್ವಿಚ್ ಹಾಕಿದರು. ಗ್ಯಾಪಿನಲ್ಲಿ ಹಳದಿ ಬೆಳಕು ಭುಗ್ ಎಂದು ಹೊತ್ತಿಕೊಂಡಿತು. ಕುಕ್ಕರಿನ ಹಬೆಯಂತೆ ಸುಸ್ಸೆಂದು ಸದ್ದು. ಮೇಲಿನ ಗುಂಡಿನಿಂದ ಹೊರಟ ನೇರಳೆ ಕಿಡಿ ಬರೀ ಆರು ಇಂಚು. ಅದೂ ಬಿಟ್ಟು ಬಿಟ್ಟು, ಜೀವವಿಲ್ಲದ ಹಾಗೆ. ಅವರ ಲೆಕ್ಕದ ಪ್ರಕಾರ ಒಂದೂವರೆ ಅಡಿ ಬರಬೇಕಿತ್ತು.

ಅವರು ಸ್ವಿಚ್ ಆರಿಸಿ ನನ್ನ ಕಡೆ ತಿರುಗಿದರು. "ಏನ್ರೀ ಇದು? ಕಾಯಿಲ್ ಸುತ್ತಿ ಅಂದ್ರೆ ಚಾಪೆ ಹೆಣೆದಿದ್ದೀರಲ್ಲ!"

ವಿದ್ಯಾರ್ಥಿಗಳಿಗೆ ಕನ್ನಡ ತಿಳಿಯಲಿಲ್ಲ. ಆಗ ಅವರು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಇಪ್ಪತ್ತು ಜನ ನಕ್ಕರು.

"ವೈಂಡಿಂಗ್ ಬರೋಬರಿ ಅದರಿ ಸರ್," ಅಂದೆ. "ಒಂದೊಂದ್ ಸುತ್ತೂ ನೋಡಿ ಹಾಕೀನಿ."

"ಮತ್ತೆ ಎನರ್ಜಿ ಎಲ್ಲಿ ಹೋಯ್ತು? ನಿಮ್ಮ ಮನೆಗಾ? ಬಿಚ್ಚಿ, ಇನ್ನೊಂದ್ಸಲ ಸುತ್ತಿ."

ವಾರ್ನಿಶ್ ಹಚ್ಚಿದ ಕಾಯಿಲನ್ನು ಬಿಚ್ಚಲಿಕ್ಕಾಗುವುದಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ತೆಗೆಯಬೇಕು. ಕೊಯ್ದೆ. ಹಳೆಯ ತಂತಿಯೆಲ್ಲ ಕತ್ತರಿಸಿದ ಕೂದಲಿನ ಹಾಗೆ ನೆಲಕ್ಕೆ ಬಿತ್ತು. ಎರಡನೆಯ ಸಲ ಎಂಟು ದಿನ ಹಿಡಿಯಲಿಲ್ಲ, ನಾಲ್ಕೇ ದಿನದಲ್ಲಿ ಮುಗಿಸಿದೆ. ಹಲ್ಲು ಕಚ್ಚಿಕೊಂಡು, ಮನಸ್ಸಿನಲ್ಲೇ ಅವರ ಜೊತೆ ಜಗಳಾಡುತ್ತ ಸುತ್ತಿದೆ. ಕೆಲವು ಒಳ್ಳೆಯ ಬೈಗುಳಗಳು ಆ ನಾಲ್ಕು ದಿನಗಳಲ್ಲಿ ಹೊಳೆದವು.

ಎರಡನೆಯ ಪರೀಕ್ಷೆಯಲ್ಲೂ ಆರೇ ಇಂಚು.

ಈ ಸಲ ಅವರು ಬಯ್ಯಲಿಲ್ಲ. ನಿಟ್ಟುಸಿರು ಬಿಟ್ಟು ಹೊರಟುಹೋದರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ನಾನು ಒಬ್ಬಳೇ ನಿಂತು ಬೋಲ್ಟುಗಳನ್ನು ನೋಡಿದೆ. ಕರೆಂಟು ತೆಗೆದು, ಸೀಸೆಗಳಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ ಎಷ್ಟೋ ಹೊತ್ತಾದ ಮೇಲೂ ಮುಟ್ಟಲಾಗದಷ್ಟು ಬಿಸಿ. ತುದಿಗಳು ಕರಗಿ ಗುಳಿ ಬಿದ್ದಿದ್ದವು. ಹಿತ್ತಾಳೆ ಕರಗಬೇಕಾದರೆ ಎಷ್ಟು ಶಾಖ ಬೇಕು! ಆ ಶಾಖ ಬಂದದ್ದು ಎಲ್ಲಿಂದ? ಮೇಲೆ ಹೋಗಬೇಕಾದ ಶಕ್ತಿಯಿಂದಲೇ ಅಲ್ಲವೆ?

ಮರುದಿನ ಅವರಿಗೆ ಹೇಳಿದೆ. "ಸರ್, ಗ್ಯಾಪಿನ್ಯಾಗs ಏನೋ ತಪ್ಪದರಿ. ಬೋಲ್ಟ್ ಕೆಂಪಗ ಕಾಯಾಕತ್ತಾವ."

ಅವರು ಓದುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಗ್ಯಾಪ್ ಡಿಸೈನ್ ನಂದು. ನಿಮ್ಮ ಕೆಲಸ ಸುತ್ತೋದು."

ಕಾಲೇಜಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿಸುವ ಮಾಸ್ತರರೊಬ್ಬರಿದ್ದರು. ಲೋಣಾವಳಾದ ಕಡೆಯವರು, ಅರವತ್ತರ ಹತ್ತಿರ ವಯಸ್ಸು, ಮರಾಠಿ ಬಿಟ್ಟು ಬೇರೆ ಮಾತಾಡುವವರಲ್ಲ. ನನ್ನನ್ನು ತಾಈ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಬೋಲ್ಟಿನ ತುದಿ ಉಜ್ಜಿಸಿಕೊಳ್ಳಲು ಅಲ್ಲಿಗೆ ಹೋಗಿದ್ದೆ. ವಿದ್ಯಾರ್ಥಿಯೊಬ್ಬ ವೆಲ್ಡಿಂಗ್ ಮಾಡುತ್ತ, ಸೆಕೆಯೆಂದು ದೊಡ್ಡ ಪೆಡೆಸ್ಟಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ಮಾಸ್ತರರು ದೂರದಿಂದಲೇ ಗದರಿದರು, ಫ್ಯಾನ್ ಬಂದ್ ಮಾಡು ಅಂತ. ನಾನು ಯಾಕೆಂದು ಕೇಳಿದೆ.

"ಗಾಳಿ ಜೋರಾಗಿ ತಗುಲಿದರೆ ಆರ್ಕ್ ನಿಲ್ಲೋದಿಲ್ಲ ತಾಈ," ಎಂದು ಅವರು ಮರಾಠಿಯಲ್ಲಿ ಹೇಳಿದರು. "ಆರ್ಕ್ ಅಂದರೆ ಬಿಸಿ ಗಾಳಿ ತಾನೆ? ಆ ಬಿಸಿ ಗಾಳಿಯನ್ನೇ ತಳ್ಳಿಬಿಟ್ಟರೆ ಅದು ಯಾವುದರ ಮೇಲೆ ನಿಲ್ಲಬೇಕು?"

ಅವರಿಗೆ ಬೇಡದ್ದು ನನಗೆ ಬೇಕಾಗಿತ್ತು. ನನ್ನ ಗ್ಯಾಪಿನಲ್ಲಿ ಕಿಡಿ ಹಾರಿದ ಮೇಲೆ ಆರುತ್ತಿರಲಿಲ್ಲ. ಸ್ವಿಚ್ ಒಮ್ಮೆ ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ ಎಂದು ತಿಳಿಯಿರಿ. ಮಾಸ್ತರರಿಂದ ವೆಲ್ಡಿಂಗಿನ ಕಪ್ಪು ಗಾಜನ್ನೂ, ಧೂಳು ಊದುವ ಒಂದು ಕೈ ಬ್ಲೋವರನ್ನೂ ಕಡ ತಂದೆ. ಮುಖ್ಯಸ್ಥರು ವಿಶ್ವವಿದ್ಯಾಲಯದ ಮೀಟಿಂಗಿಗೆ ಹೋಗುವ ಗುರುವಾರದ ಮಧ್ಯಾಹ್ನಕ್ಕೆ ಕಾದೆ.

ಕಪ್ಪು ಗಾಜಿನೊಳಗಿಂದ ನೋಡಿದಾಗ ಮೊದಲ ಬಾರಿಗೆ ಅದರ ಆಕಾರ ಕಂಡಿತು. ಅದು ಕಿಡಿಯೇ ಆಗಿರಲಿಲ್ಲ. ಎರಡು ಬೋಲ್ಟುಗಳ ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದ ಒಂದು ದಪ್ಪ ಜ್ವಾಲೆ, ಅಲುಗಾಡುತ್ತ ಹಾಗೇ ನಿಂತಿತ್ತು. ಬ್ಲೋವರ್ ಹಾಕಿದೆ. ಜ್ವಾಲೆ ಚೂರುಚೂರಾಯಿತು. ಸುಸ್ಸೆನ್ನುವುದು ಹೋಗಿ ಪಟಪಟ, ಪಟಾಕಿ ಸರದಂಥ ಸದ್ದು, ಕಿವಿ ಮುಚ್ಚಿಕೊಳ್ಳುವಷ್ಟು. ಹಳದಿ ಹೋಗಿ ನೀಲಿ ಬಿಳುಪು. ಮೇಲೆ ನೋಡಿದೆ. ಗುಂಡಿನಿಂದ ನೇರಳೆ ಬಳ್ಳಿಗಳು ಹೊರಟು, ನಾನು ನಿಲ್ಲಿಸಿದ್ದ ಕಬ್ಬಿಣದ ಸಲಾಕೆಗೆ ಹದಿನಾಲ್ಕು ಇಂಚು ದೂರದಿಂದ ಬಡಿಯುತ್ತಿದ್ದವು.

ಕಣ್ಣಿಂದ ನೋಡಿದ್ದನ್ನು ಅವರು ಒಪ್ಪುವುದಿಲ್ಲವೆಂದು ಗೊತ್ತಿತ್ತು. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿಗೆ ಒಂದು ತಂತಿಯ ಬಳೆ ಕಟ್ಟಿ ದೂರದಲ್ಲಿ ತೂಗುಹಾಕಿದೆ. ಬ್ಲೋವರ್ ಇಲ್ಲದಾಗ ಪರದೆಯ ಮೇಲೆ ಐದಾರು ಉಬ್ಬುಗಳು, ಒಂದರ ಹಿಂದೊಂದು, ಒಂದಕ್ಕಿಂತ ಒಂದು ಸಣ್ಣದು. ಅಂದರೆ ಶಕ್ತಿ ಕೆಳಗಿನ ಕಾಯಿಲಿನಿಂದ ಮೇಲಕ್ಕೆ ಹೋಗುತ್ತಿತ್ತು, ಗ್ಯಾಪ್ ಇನ್ನೂ ಉರಿಯುತ್ತಲೇ ಇದ್ದುದರಿಂದ ಕೆಳಕ್ಕೆ ವಾಪಸು ಬರುತ್ತಿತ್ತು, ಮತ್ತೆ ಮೇಲಕ್ಕೆ. ಪ್ರತಿ ಸಲವೂ ಬೋಲ್ಟುಗಳ ನಡುವಿನ ಬೆಂಕಿಯನ್ನು ಹಾಯ್ದೇ ಬರಬೇಕು, ಪ್ರತಿ ಸಲವೂ ಅಲ್ಲಿ ಒಂದಿಷ್ಟು ಬೆಳಕಾಗಿ, ಶಾಖವಾಗಿ, ಸದ್ದಾಗಿ ಸುಟ್ಟುಹೋಗಬೇಕು. ಸಾಲದ್ದಕ್ಕೆ ಆ ಬಿಸಿ ಗಾಳಿಯಲ್ಲಿ ಮುಂದಿನ ಕಿಡಿ ಬೇಗನೆ ಹಾರಿಬಿಡುವುದರಿಂದ ಸೀಸೆಗಳು ಅರ್ಧವೂ ತುಂಬುತ್ತಿರಲಿಲ್ಲ. ಬ್ಲೋವರ್ ಹಾಕಿದಾಗ ಎರಡೇ ಉಬ್ಬು, ಆಮೇಲೆ ನುಣ್ಣಗೆ ಇಳಿಯುವ ಒಂದು ಉದ್ದ ಬಾಲ. ಎರಡನೆಯ ಸಲ ಮೇಲೆ ಹೋದ ಶಕ್ತಿ ಅಲ್ಲೇ ಉಳಿಯುತ್ತಿತ್ತು. ಪರದೆಯ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ ಎರಡೂ ಚಿತ್ರಗಳನ್ನು ಪೆನ್ಸಿಲಿನಲ್ಲಿ ತೆಗೆದುಕೊಂಡೆ.

ಶುಕ್ರವಾರ ಬೆಳಿಗ್ಗೆ ಆ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟೆ.

"ಯಾರು ಪರ್ಮಿಷನ್ ಕೊಟ್ರು ನಿಮಗೆ?"

"ಯಾರೂ ಇಲ್ರಿ. ನೀವು ಇದನ್ನ ನೋಡ್ರಿ ಸರ್. ಗ್ಯಾಪ್ ಆರವಲ್ದು. ಗಾಳಿ ಊದಿದ್ರ ಆರತದ."

ಅವರು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ, "ಇದೆಲ್ಲ ಬರೀ ನಾಯ್ಸ್. ಸ್ಕೋಪ್ ಹಾಳಾದ್ರೆ ನಿಮ್ಮ ಸಂಬಳದಲ್ಲಿ ಕಟ್ ಮಾಡಿಸ್ತೀನಿ," ಅಂದರು. ಹಾಳೆಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ಹತ್ತು ದಿನ ಕಳೆದ ಮೇಲೆ ಪ್ರದರ್ಶನದ ಚಾರ್ಟುಗಳು ಛಾಪಿಸಿ ಬಂದವು. ಟೆಸ್ಲಾ ಕಾಯಿಲಿನ ಚಾರ್ಟಿನಲ್ಲಿ ನನ್ನ ಎರಡೂ ಚಿತ್ರಗಳು ಇಂಕಿನಲ್ಲಿ ತಿದ್ದಿ ತೀಡಿ ಕೂತಿದ್ದವು. ಗಾಳಿಯಿಂದ ಆರಿಸುವ ಗ್ಯಾಪ್ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರ. ವಿನ್ಯಾಸ, ವಿಶ್ಲೇಷಣೆ ಎಂಬುದರ ಮುಂದೆ ಅವರ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ, ಸುತ್ತಿದವಳೆಂದು ಕೂಡ.

ಆ ಸಂಜೆ ಊಟ ಮಾಡಲಿಲ್ಲ. ಅಪ್ಪ ಬಂದು ಪಕ್ಕ ಕೂತರು. "ಮ್ಯಾಲಿನವರ ಕೂಡ ಹಗೀ ಕಟ್ಕೋಬ್ಯಾಡವಾ. ನೌಕರಿ ಅಂದ್ರ ಹಂಗs."

"ಹಗೀ ನಾ ಕಟ್ಕೊಂಡಿಲ್ಲಪಾ. ಅವರs ತಂದು ಕೊಟ್ಟಾರ."

ಅಡುಗೆಮನೆಯಿಂದ ಅವ್ವ, "ಕೊಟ್ಟಿದ್ದನ್ನ ಇಟ್ಕೋಬಾರದು. ತಿರುಗಿ ಕೊಡಬೇಕು," ಅಂದಳು. ಅಪ್ಪ ಅವಳನ್ನು ದುರುಗುಟ್ಟಿ ನೋಡಿದರು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕ ಯಾವುದೋ ಕಾರ್ಖಾನೆಯಿಂದ ಬಂದ ಮುಖ್ಯ ಅತಿಥಿ. ವೇದಿಕೆಯ ಮೇಲೆ ಯಂತ್ರ. ನನಗೆ ಪರದೆಯ ಬದಿಯಲ್ಲಿ, ಸ್ವಿಚ್‌ಬೋರ್ಡಿನ ಹತ್ತಿರ ನಿಲ್ಲಲು ಹೇಳಿದ್ದರು. ಬೋರ್ಡಿನಲ್ಲಿ ಎರಡು ಸ್ವಿಚ್ಚು, ಮೇನ್ ಒಂದು, ಬ್ಲೋವರಿನದು ಒಂದು. "ನಾನು ಕೈ ಎತ್ತಿದಾಗ ಎರಡೂ ಹಾಕಿ. ಬಾಯಿ ಮಾತ್ರ ತೆಗೀಬೇಡಿ," ಅಂದಿದ್ದರು.

ಮುಖ್ಯಸ್ಥರು ಚೆನ್ನಾಗಿ ಮಾತಾಡುತ್ತಿದ್ದರು, ಅದನ್ನು ಒಪ್ಪಬೇಕು. ಗ್ಯಾಪು ಏಕೆ ಆರಬೇಕು, ಆರದಿದ್ದರೆ ಶಕ್ತಿ ಎಲ್ಲಿ ಹೋಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಬೋಲ್ಟುಗಳು ಕೆಂಪಗಾದದ್ದನ್ನು ಕಂಡಾಗ ತಮಗೆ ಅನುಮಾನ ಬಂತೆಂದರು. ಒಂದು ಮಧ್ಯಾಹ್ನ ಕಪ್ಪು ಗಾಜಿನೊಳಗಿಂದ ನೋಡಿದರಂತೆ. ನನ್ನ ಮಧ್ಯಾಹ್ನ ಅದು. ಕಪ್ಪು ಗಾಜಿನ ವಿಷಯ ಅವರಿಗೆ ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಅವರು ಕೈ ಎತ್ತಿದರು. ನಾನು ಮೇನ್ ಸ್ವಿಚ್ ಹಾಕಿದೆ. ಬ್ಲೋವರಿನದನ್ನು ಹಾಕಲಿಲ್ಲ.

ಮರೆತದ್ದಲ್ಲ. ಕೈ ಅದರ ಮೇಲೇ ಇತ್ತು.

ಭುಗ್ ಎಂದು ಹಳದಿ ಜ್ವಾಲೆ, ಸುಸ್ಸೆನ್ನುವ ಸದ್ದು, ಮೇಲೆ ಆರಿಂಚಿನ ಸೋತ ಕಿಡಿ. ಹಿಂದಿನ ಸಾಲಿನವರಿಗೆ ಅದು ಕಂಡಿರಲಿಕ್ಕಿಲ್ಲ. ಯಾರೋ ಕೆಮ್ಮಿದರು. ಮುಖ್ಯಸ್ಥರು ನನ್ನ ಕಡೆ ತಿರುಗಿ, ಮುಖದಲ್ಲಿ ನಗುವನ್ನು ಹಾಗೇ ಇಟ್ಟುಕೊಂಡು, "ಬ್ಲೋವರ್!" ಅಂದರು.

ನಾನು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದೆ. "ಗ್ಯಾಪ್ ಭಾಳ ಛಲೋ ಅದರಿ ಸರ್! ವೈಂಡಿಂಗs ಸರಿ ಇಲ್ಲ. ಚಾಪಿ ಹೆಣದಂಗ ಆಗ್ಯದ!"

ಆ ಇಡೀ ಸಭೆಯಲ್ಲಿ ಅರ್ಥವಾದದ್ದು ಅವರೊಬ್ಬರಿಗೇ. ಅವರ ಮುಖದ ನಗು ಹೋಯಿತು. ಆಮೇಲೆ ನಡೆದದ್ದು ನಾನು ಎಣಿಸಿದ್ದಲ್ಲ. ಅವರು ಸಿಟ್ಟಿನಲ್ಲಿ, ಬೋರ್ಡಿನಿಂದ ಕರೆಂಟು ಬರದೆ ಅದು ತಿರುಗದೆಂಬುದನ್ನೂ ಮರೆತು, ಬ್ಲೋವರಿನ ಮೈಮೇಲಿದ್ದ ಬಟನ್ ಒತ್ತಲು ನೇರವಾಗಿ ಯಂತ್ರದ ಮೇಲೆ ಬಾಗಿದರು. ಬ್ಲೋವರ್ ಗ್ಯಾಪಿನ ಪಕ್ಕದಲ್ಲೇ ಇತ್ತು. ಆ ಬೋಲ್ಟುಗಳ ಮೇಲೆ ಎಷ್ಟು ಒತ್ತಡ ಇರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಲೇಜಿನಲ್ಲಿ ಇರಲಿಲ್ಲ. ಆದರೂ ಬಾಗಿದರು. ಅವರ ಶರ್ಟಿನ ತೋಳು ಬೋಲ್ಟಿನಿಂದ ಒಂದು ಗೇಣು, ಆಮೇಲೆ ನಾಲ್ಕು ಬೆರಳು.

ಮೇನ್ ಸ್ವಿಚ್ಚನ್ನು ಕೆಳಗೆ ಹೊಡೆದೆ. ಜ್ವಾಲೆ ಆರಿತು. ಅವರ ಕೈ ಅದೇ ಕ್ಷಣಕ್ಕೆ ಹಿತ್ತಾಳೆಗೆ ತಾಗಿತು. ಚರ್ಮ ಸುಟ್ಟ ವಾಸನೆ ನನ್ನವರೆಗೂ ಬಂತು. ಅಂಗೈಯ ಬದಿಯಲ್ಲಿ ಒಂದು ಬೊಬ್ಬೆ, ಅಷ್ಟಕ್ಕೇ ಹೋಯಿತು. ಕರೆಂಟು ಇದ್ದಿದ್ದರೆ ಬೊಬ್ಬೆಗೆ ಮುಗಿಯುತ್ತಿರಲಿಲ್ಲ. ಪ್ರಿನ್ಸಿಪಾಲರು ಎದ್ದು, ತಾಂತ್ರಿಕ ಕಾರಣ ಎಂದೇನೋ ಹೇಳಿ, ಅತಿಥಿಯನ್ನು ಚಹಾಕ್ಕೆ ಕರೆದುಕೊಂಡು ಹೋದರು. ನಾನು ಪರದೆಯ ಹಿಂದೆ ನೆಲದ ಮೇಲೇ ಕೂತುಬಿಟ್ಟೆ.

ಸಂಜೆ ಅವರ ಕೋಣೆಗೆ ಕರೆ ಬಂತು. ಕೈಗೆ ಬ್ಯಾಂಡೇಜ್ ಕಟ್ಟಿತ್ತು. ಕೂರಲು ಹೇಳಲಿಲ್ಲ.

"ಬೇಕಂತಲೇ ಮಾಡಿದ್ರಿ."

"ಹೌದ್ರಿ."

ಇಲ್ಲ ಅನ್ನುತ್ತೇನೆಂದು ಎಣಿಸಿದ್ದರೋ ಏನೋ, ಬ್ಯಾಂಡೇಜಿನ ಗಂಟನ್ನು ಇನ್ನೊಂದು ಕೈಯಿಂದ ಬಿಗಿ ಮಾಡಿದರು.

"ನಾನು ಸತ್ತಿದ್ರೆ?"

"ಮೇನ್ ಬಂದ್ ಮಾಡಿದಾಕೀನೂ ನಾನs ಅಲ್ಲೇನ್ರಿ."

ಹಾಗೆ ಹೇಳಿದೆ. ಆದರೆ ಆ ನಾಲ್ಕು ಬೆರಳಿನ ದೂರ ನನ್ನ ಕಣ್ಣೆದುರೇ ಇತ್ತು. ಅವರು ಸತ್ತಿದ್ದರೆ ನಾನು ಕೊಂದಂತೆಯೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ಷಮೆ ಕೇಳಬೇಕಾದ ಜಾಗ ಅದು. ಕೇಳಬೇಕೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು, "ನಿಮ್ಮಂಥೋರಿಗೆ ಸುತ್ತೋದೇ ಜಾಸ್ತಿ," ಅಂದರು. ಬಾಯಿ ಮುಚ್ಚಿದೆ.

"ಇನ್ಮೇಲೆ ನನ್ನ ಹತ್ರ ಕನ್ನಡದಲ್ಲಿ ಮಾತಾಡ್ಬೇಡಿ," ಅಂದರು.

"ಭಾಳ ಛಲೋ ಆತ್ರಿ," ಅಂದು ಹೊರಬಂದೆ.

ಅವರು ದೂರು ಬರೆಯಲಿಲ್ಲ. ಬರೆದರೆ ಚಿತ್ರಗಳ ವಿಷಯ ಹೊರಬೀಳುತ್ತಿತ್ತು. ನನ್ನನ್ನು ಮೊದಲ ವರ್ಷದವರ ಪ್ರಯೋಗಾಲಯಕ್ಕೆ ಹಾಕಿದರು. ವರ್ನಿಯರ್ ಕ್ಯಾಲಿಪರ್, ಲೋಲಕ, ಸ್ಟಾಪ್‌ವಾಚು. ನಾಲ್ಕು ವರ್ಷ ಸಾವಿರಾರು ಹುಡುಗ ಹುಡುಗಿಯರು ಲೋಲಕ ತೂಗುವುದನ್ನು ನೋಡಿದೆ. ವರಾಂಡದಲ್ಲಿ ಎದುರಾದರೆ ಇಬ್ಬರೂ ನೋಟಿಸ್ ಬೋರ್ಡು ಓದುತ್ತಿದ್ದೆವು. ಮಾತಾಡಲೇಬೇಕಾದಾಗ ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಮರಾಠಿಯಲ್ಲಿ ಉತ್ತರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪ್ರಿನ್ಸಿಪಾಲರಿಗೆ ಆ ಯಂತ್ರದ ನೆನಪಾಯಿತು. ಶಾಲೆಯ ಮಕ್ಕಳನ್ನು ಕರೆಸಿ ತೋರಿಸೋಣ, ರಿಪೇರಿ ಮಾಡಿ ಎಂದು ನೇರವಾಗಿ ನನಗೇ ಹೇಳಿದರು. ಉಗ್ರಾಣದಿಂದ ಕಾಯಿಲನ್ನು ಹೊರತೆಗೆದು ಧೂಳು ಒರೆಸಿದೆ. ಬುಡದಿಂದ ಒಂದು ಗೇಣು ಮೇಲೆ, ವಾರ್ನಿಶ್ಶಿನ ಒಳಗೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಕಂಡಿತು. ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ ಒಂದು ಸುತ್ತು ಪಕ್ಕದ ಸುತ್ತಿನ ಮೇಲೆ ಹತ್ತಿತ್ತು. ಕವಚ ಸುಟ್ಟು ಎರಡೂ ತಂತಿಗಳು ಒಂದಾಗಿದ್ದವು.

ಅಂದರೆ ವೈಂಡಿಂಗಿನಲ್ಲೂ ತಪ್ಪಿತ್ತು. ಗ್ಯಾಪಿನಲ್ಲಿ ಸೋರಿದ್ದು ಹೆಚ್ಚು, ನಿಜ. ಆದರೆ ಒಂದಿಷ್ಟು ನನ್ನ ಕೈಕೆಲಸದಲ್ಲೂ ಸೋರಿತ್ತು. ಗಾಳಿ ಊದಿದಾಗಲೂ ಒಂದೂವರೆ ಅಡಿ ತಲುಪದೆ ಹದಿನಾಲ್ಕು ಇಂಚಿಗೇ ನಿಂತದ್ದು ಅದಕ್ಕೇ ಇರಬೇಕು.

ಮೊದಲ ಸಲ ಎಂಟು ದಿನ ನೋಡಿ ನೋಡಿ ಸುತ್ತಿದ್ದರಲ್ಲಿ ಈ ತಪ್ಪು ಇರಲಿಲ್ಲ, ಸಿಟ್ಟಿನಲ್ಲಿ ನಾಲ್ಕೇ ದಿನಕ್ಕೆ ಮುಗಿಸಿದ್ದರಲ್ಲಿ ಬಂತು, ಅಂದರೆ ಅದಕ್ಕೂ ಅವರೇ ಕಾರಣ ಎಂದು ನಾನು ನಂಬುತ್ತೇನೆ. ಪುರಾವೆ ಇಲ್ಲ. ಮೊದಲ ತಂತಿ ಎಂದೋ ಗುಜರಿಗೆ ಹೋಗಿತ್ತು. ಅವರ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಹೋಗಿ ತೋರಿಸಬಹುದಿತ್ತು. ಬ್ಲೇಡು ತೆಗೆದುಕೊಂಡು ಕಾಯಿಲನ್ನು ಉದ್ದಕ್ಕೆ ಕೊಯ್ದು, ತಂತಿಯನ್ನು ಚೀಲದಲ್ಲಿ ತುಂಬಿ, ದಾರಿಯಲ್ಲಿ ಕಸದ ತೊಟ್ಟಿಗೆ ಹಾಕಿ ಮನೆಗೆ ಹೋದೆ.

ಹೊಸದಾಗಿ ಸುತ್ತಲು ಹನ್ನೊಂದು ದಿನ ತೆಗೆದುಕೊಂಡೆ. ಬೋಲ್ಟುಗಳನ್ನು ಬಿಟ್ಟು, ಏಳು ತಾಮ್ರದ ಕೊಳವೆಗಳನ್ನು ಸಾಲಾಗಿ, ನಡುವೆ ಹಾಳೆ ತೂರುವಷ್ಟೇ ಸಂದು ಬಿಟ್ಟು ನಿಲ್ಲಿಸಿದೆ. ಒಂದು ದೊಡ್ಡ ಗ್ಯಾಪಿನ ಬದಲು ಆರು ಸಣ್ಣವು. ಶಾಖ ಏಳು ಕೊಳವೆಗಳಿಗೆ ಹಂಚಿಹೋಗುವುದರಿಂದ ಕಿಡಿ ಬೇಗ ಆರುತ್ತದೆ. ಕೆಳಗಿನಿಂದ ಬ್ಲೋವರಿನ ಗಾಳಿಯೂ ಇತ್ತು. ಮೊದಲ ಪರೀಕ್ಷೆಯಲ್ಲೇ ಹತ್ತೊಂಬತ್ತು ಇಂಚು. ನೋಡುತ್ತಿದ್ದ ವಿದ್ಯಾರ್ಥಿಗಳು ಕೂಗಿದರು.

ಸದ್ದಿಗೆ ಮುಖ್ಯಸ್ಥರು ಬಂದು ಬಾಗಿಲಲ್ಲಿ ನಿಂತರು. ಕೊಳವೆಗಳನ್ನು ನೋಡಿದರು. ನನ್ನನ್ನು ನೋಡದೆ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಹೇಳಿದರು, ಪ್ರತಿ ಗ್ಯಾಪೂ ದಾಟಲು ತನ್ನ ಪಾಲು ವಸೂಲಿ ಮಾಡುತ್ತದೆ, ಆರು ಗ್ಯಾಪೆಂದರೆ ಆರು ಕಡೆ ನಷ್ಟ, ಇದನ್ನು ಮಾಡಿದವರಿಗೆ ತಿಳಿದಿದೆಯೋ ಇಲ್ಲವೋ ಕೇಳಿ.

ನಾನೂ ವಿದ್ಯಾರ್ಥಿಗಳ ಕಡೆಗೇ ತಿರುಗಿ ಮರಾಠಿಯಲ್ಲಿ ಹೇಳಿದೆ. ತಿಳಿದಿದೆ, ಆರು ಸಲ ಸ್ವಲ್ಪ ಕೊಟ್ಟು ಬೇಗ ಮುಗಿಸುವುದು ಮೇಲು, ಒಂದೇ ಕಡೆ ನಿಂತು ಪೂರ್ತಿ ಸುಟ್ಟುಕೊಳ್ಳುವುದಕ್ಕಿಂತ. ನಂಬದವರು ಅಳತೆಪಟ್ಟಿ ಹಿಡಿದು ನೋಡಲಿ.

ಆ ಮಕ್ಕಳು ಕತ್ತನ್ನು ಅತ್ತ ಇತ್ತ ತಿರುಗಿಸುತ್ತಿದ್ದರು. ಅವರು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಮುಖ್ಯಸ್ಥರು ಹೊರಟುಹೋದರು.

ಮುಂದಿನ ವರ್ಷಗಳಲ್ಲಿ ಶಾಲೆಯ ಮಕ್ಕಳು ಬರತೊಡಗಿದರು. ವಾಕಡದಲ್ಲಿ ಹೊಲಗಳಿದ್ದ ಕಡೆ ಹೊಸ ಶಾಲೆಗಳು ಎದ್ದಿದ್ದವು, ಅಲ್ಲಿಂದಲೇ ಬಸ್ಸುಗಟ್ಟಲೆ. ಒಮ್ಮೆ ಒಬ್ಬ ಶಿಕ್ಷಕಿ, ಇದನ್ನು ಮಾಡಿದ್ದು ಯಾರೆಂದು ಮರಾಠಿಯಲ್ಲಿ ಕೇಳಿದರು. "ನಾನು," ಅಂದೆ. "ಒಬ್ಬರೇ?" "ಒಬ್ಬಳೇ."

ಅದು ಸುಳ್ಳು. ಸೀಸೆಗಳ ಲೆಕ್ಕ, ತಾಮ್ರದ ಕಾಯಿಲಿನ ಅಳತೆ, ಎರಡೂ ಕಾಯಿಲುಗಳನ್ನು ಒಂದೇ ಶ್ರುತಿಗೆ ತರುವ ಗಣಿತ, ಎಲ್ಲ ಮುಖ್ಯಸ್ಥರದೇ ಆಗಿತ್ತು. ಅದರಲ್ಲಿ ಒಂದು ಸಂಖ್ಯೆಯನ್ನೂ ನಾನು ಬದಲಿಸಿರಲಿಲ್ಲ. ಹೇಳಿ ತಿರುಗಿದರೆ ಅವರು ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಯಾವಾಗ ಬಂದಿದ್ದರೋ. ಕೇಳಿಸಿಕೊಂಡಿದ್ದರು. ನನ್ನನ್ನು ನೆಟ್ಟಗೆ ನೋಡಿದರು, ಆರು ವರ್ಷಗಳಲ್ಲಿ ಮೊದಲ ಸಲ. ಮಾತು ತಿದ್ದಿಕೊಳ್ಳಲು ಸಮಯವಿತ್ತು. ನಾನು ಬ್ಲೋವರ್ ಹಾಕಿ ಪ್ರಯೋಗ ಶುರು ಮಾಡಿದೆ.

ಕೆಲವು ತಿಂಗಳ ಮೇಲೆ ಅವರಿಗೆ ಬೆಂಗಳೂರಿನಲ್ಲೇ ಎಲ್ಲೋ ಕೆಲಸ ಸಿಕ್ಕಿತು. ಬೀಳ್ಕೊಡುಗೆಯ ದಿನ ರಜೆ ಹಾಕಿ ಅವ್ವನನ್ನು ಜೇಜುರಿಯ ಬೆಟ್ಟದ ಗುಡಿಗೆ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಅವ್ವ ಎರಡು ಕಡೆ ಕೂತಳು. ಎರಡನೆಯ ಕಡೆ, "ನಿಮ್ಮ ಸಾಹೇಬ ಹೋದನಂತ?" ಅಂದಳು.

"ಇವತ್ತ ಹೊಂಟಾರ."

"ಏನರ ಅಂದೇನು ಅವಗ, ಹೋಗೂ ಮುಂದ?"

"ಏನೂ ಅಂದಿಲ್ಲ."

"ಅನಬೇಕಿತ್ತು," ಅಂದಳು ಅವ್ವ. ಬಯ್ಯಬೇಕಿತ್ತು ಅಂದಳೋ, ಒಳ್ಳೆಯ ಮಾತು ಆಡಬೇಕಿತ್ತು ಅಂದಳೋ ನಾನು ಕೇಳಲಿಲ್ಲ. ದೇವರಿಗೆ ಭಂಡಾರದ ಅರಿಸಿನ ಹಾರಿಸುವವರ ಗದ್ದಲದಲ್ಲಿ ಇಬ್ಬರ ಮೈಯೂ ಹಳದಿಯಾಯಿತು. ಬಸ್ಸಿನಲ್ಲಿ ಅವ್ವ ನಿದ್ದೆ ಹೋದಳು, ನನಗೆ ನಿದ್ದೆ ಬರಲಿಲ್ಲ. ಅವರು ಹೋದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು, ತೋರಿಸಲು ಎದುರಿಗೆ ಜನ ಇರಲಿಲ್ಲ ಅಷ್ಟೇ.

ಯಂತ್ರ ಈಗಲೂ ಕೆಲಸ ಮಾಡುತ್ತದೆ. ಶಾಲೆಯವರು ಬರುವ ಹಿಂದಿನ ದಿನ ಏಳೂ ಕೊಳವೆಗಳನ್ನು ಬಿಚ್ಚಿ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತೇನೆ. ಗುಳಿ ಬಿದ್ದ ತಾಮ್ರದಲ್ಲಿ ಕಿಡಿ ಒಂದೇ ಕಡೆ ಕಚ್ಚಿಕೊಂಡು ಕೂರುತ್ತದೆ, ಬೇಗ ಆರುವುದಿಲ್ಲ. ಎಷ್ಟು ಉಜ್ಜಿದರೂ ಎರಡು ಮೂರು ಪ್ರದರ್ಶನಗಳಲ್ಲಿ ಮತ್ತೆ ಕಪ್ಪಾಗುತ್ತವೆ. ಅದಕ್ಕೆ ಉಪಾಯವಿಲ್ಲ, ಮತ್ತೆ ಉಜ್ಜುವುದಷ್ಟೇ.